ಅರಸೀಕೆರೆಯ ಬೋರ್‌ವೆಲ್ ನೀರು, ಸೊಂಟದಲ್ಲೇ ನಿಂತ ಕೂದಲು

ಅರಸೀಕೆರೆಗೆ ಬಂದ ಮೇಲೆ ಶಾಂಪೂ ಮೇಲೆ ಶಾಂಪೂ ಬದಲಾಯಿಸಿದರೂ ಕೂದಲು ಒರಟು, ಸೊಂಟದಿಂದ ಕೆಳಗಿಳೀತಿಲ್ಲ ಅಂದಿದ್ದೀರಿ. ಬಹುಶಃ ಕಾರಣ ಬೋರ್‌ವೆಲ್ಲಿನ ಗಡಸು ನೀರು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೂ ಕೂರುತ್ತೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೀತಾನೇ ಇರುತ್ತೆ, ತುದಿ ಮುರಿದು ಉದ್ದ ನಿಂತ ಹಾಗೆ ಕಾಣುತ್ತೆ.

ಮೊದಲು ಸೀಳಿದ ತುದಿ ಒಂದು ಇಂಚು ಕತ್ತರಿಸಿ. ತೊಳೆಯೋ ಹಿಂದಿನ ರಾತ್ರಿ ಎರಡು ಚಮಚ ಕೊಬ್ಬರಿ ಎಣ್ಣೆ, ಬುಡಕ್ಕಲ್ಲ, ಕೆಳಗಿನ ಅರ್ಧಕ್ಕೆ. ಎರಡು ಮೂರು ವಾರಕ್ಕೊಮ್ಮೆ ಮಾತ್ರ ಚೀಲೇಟಿಂಗ್ ಶಾಂಪೂ, ಅಂದರೆ ಕೂದಲ ಮೇಲೆ ಕೂತ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆಯೋ ಶಾಂಪೂ. ಪ್ರತಿ ಸಲ ಹಾಕಿದರೆ ಕೂದಲು ನಾರಾಗುತ್ತೆ. ಆಮೇಲೆ ಕಿವಿಯಿಂದ ಕೆಳಕ್ಕೆ ಕಂಡಿಷನರ್, ಮೂರು ನಿಮಿಷ. ಕೊನೆಯ ಎರಡು ಚೊಂಬು ಹಿಡಿದಿಟ್ಟ ಮಳೆನೀರೋ ಆರ್‌ಒ ನೀರೋ ಆಗಲಿ. ತಲೆಗೆ ಮೈಸೋಪು ಬೇಡವೇ ಬೇಡ, ಗಡಸು ನೀರಲ್ಲಿ ಅದು ಜಿಡ್ಡಾಗಿ ಅಂಟುತ್ತೆ. ನಿಂಬೆರಸ ಹಾಗೇ ಸುರಿಯೋದೂ ಬೇಡ. ಸಿಕ್ಕನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ.

ಆರು ವಾರ ಬೇರೇನೂ ಬದಲಾಯಿಸಬೇಡಿ. ಉದುರಿದ ಎಳೆಯ ತುದಿಯಲ್ಲಿ ಬಿಳಿ ಗಂಟಿದ್ದರೆ ಅದು ಬುಡದಿಂದ ಬಂದದ್ದು, ಮುರಿದದ್ದಲ್ಲ. ಅಂಥವು ತುಂಬಾ ಇದ್ದರೆ ನಾನು ಹೇಳಿದ್ದು ಸಾಲದು. ಚರ್ಮದ ಡಾಕ್ಟರ ಹತ್ತಿರ ಹೋಗಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಎಷ್ಟಿದೆ ಅಂತ ತೋರಿಸೋದು), ಥೈರಾಯ್ಡ್ ಪರೀಕ್ಷೆ ಬೇಕಾ ಕೇಳಿ.