ಸಂಪಾದಕರ ಉತ್ತರ: ಹಾಕುವವರು ಸರಿ, ಆಮೇಲೆ ನೋಡಿಕೊಳ್ಳುವವರು?

ಹೊಸಪೇಟೆಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಕಾಲು ಕಳೆದುಕೊಂಡವರಿಗೆ ಜೈಪುರ ಕಾಲು ಕೊಡುವುದು ಪುಣ್ಯದ ಕೆಲಸ. ಆದರೆ ಚೆನ್ನಾಗಿರುವ ಮಿದುಳಿಗೆ ಚಿಪ್ ಹಾಕಿ ಇನ್ನಷ್ಟು ಚುರುಕು ಮಾಡುತ್ತೇವೆ ಅನ್ನುವುದು ದುರಾಸೆ ಅಲ್ವಾ? ಇದನ್ನು ಕಾನೂನು ತಂದು ನಿಲ್ಲಿಸಬಾರದೇ? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗ, ಸಿಕ್ಕರೆ ನಾಳೆಯೇ ಹಾಕಿಸಿಕೊಳ್ಳುತ್ತೇನೆ ಅನ್ನುತ್ತಾನೆ.”

ಮೇಷ್ಟ್ರೇ, ಕಳೆದುಹೋದದ್ದನ್ನು ತುಂಬಿಕೊಟ್ಟರೆ ಸರಿ, ಇಲ್ಲದ್ದನ್ನು ಸೇರಿಸಿದರೆ ತಪ್ಪು ಎಂದು ನೀವು ಗೆರೆ ಎಳೆದಿದ್ದೀರಿ. ಹಾಗಾದರೆ ಮಾರ್ಕಸ್ ರೆಮ್ ಅವರನ್ನು ಯಾವ ಕಡೆ ನಿಲ್ಲಿಸೋಣ? ಇವರು ಜರ್ಮನಿಯ ಲಾಂಗ್ ಜಂಪ್ ಆಟಗಾರ. ಹುಡುಗನಾಗಿದ್ದಾಗ ದೋಣಿ ಅಪಘಾತದಲ್ಲಿ ಬಲಗಾಲಿನ ಮೊಣಕಾಲ ಕೆಳಗಿನ ಭಾಗ ಹೋಯಿತು. ಕಾರ್ಬನ್ ಫೈಬರ್ ಬ್ಲೇಡ್ (ಬಾಗಿದ ಪಟ್ಟಿಯಂಥ ಕೃತಕ ಕಾಲು) ಕಟ್ಟಿಕೊಂಡು, ಅದೇ ಕಾಲಿನಿಂದ ಚಿಮ್ಮಿ ಹಾರುತ್ತಾರೆ. 2014ರಲ್ಲಿ ಎರಡು ಕಾಲಿದ್ದವರ ಜೊತೆಯೇ ಸ್ಪರ್ಧಿಸಿ, 8.24 ಮೀಟರ್ ಹಾರಿ ಜರ್ಮನಿಯ ಚಾಂಪಿಯನ್ ಆದರು. ಆದರೂ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಅವರನ್ನು ಕಳಿಸಲಿಲ್ಲ. 2023ರಲ್ಲಿ 8.72 ಹಾರಿದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಿಗಿತವೇ 8.48. ಬ್ಲೇಡಿನಿಂದ ಅವರಿಗೆ ಓಟದಲ್ಲಿ ನಷ್ಟ, ಚಿಮ್ಮುವಾಗ ಲಾಭ ಎಂದು ಪರೀಕ್ಷೆ ಮಾಡಿದ ವಿಜ್ಞಾನಿಗಳು ಹೇಳಿದರು. ಕೂಡಿ ಕಳೆದರೆ ಏನು ಉಳಿಯುತ್ತದೆ ಎಂದು ಅವರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಅದೇ ಕಾಲು ಬೆಳಿಗ್ಗೆ ಮನೆಯಿಂದ ಹೊರಡುವಾಗ ಚಿಕಿತ್ಸೆ, ಮೈದಾನಕ್ಕೆ ಬಂದರೆ ಅನ್ಯಾಯ. ಆಟಕ್ಕೆ ನಿಯಮ ಬೇಕು ನಿಜ, ಅದನ್ನು ಕ್ರೀಡಾ ಸಂಸ್ಥೆಗಳು ಮಾಡಿಕೊಳ್ಳಲಿ. ಆ ನಿಯಮವನ್ನೇ ಬದುಕಿಗೂ ತರುವುದು ಬೇಡ ಅನ್ನುವುದು ನನ್ನ ಅನಿಸಿಕೆ.

ನನಗೆ ನಿಜವಾಗಿ ದಿಗಿಲು ಹುಟ್ಟಿಸುವುದು ಬೇರೆ. ನಿಮ್ಮ ಲೆಕ್ಕದಲ್ಲಿ ಪೂರ್ತಿ ‘ಪುಣ್ಯದ ಕೆಲಸ’ ಅನ್ನಿಸಿಕೊಳ್ಳುವ ಕಡೆಯೇ ಅದು ನಡೆದಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಸೈಟ್ ಎಂಬ ಕಂಪನಿ ಇತ್ತು. ರೆಟಿನಾದ ಕಾಯಿಲೆಯಿಂದ ಕುರುಡಾದವರಿಗೆ ಆರ್ಗಸ್ 2 ಎಂಬ ಸಾಧನ ಮಾಡಿತು. ಕನ್ನಡಕದಲ್ಲಿ ಒಂದು ಪುಟ್ಟ ಕ್ಯಾಮೆರಾ, ಕಣ್ಣಿನೊಳಗೆ ವಿದ್ಯುತ್ ಸಂಕೇತ ಕೊಡುವ 60 ಎಲೆಕ್ಟ್ರೋಡ್. ಅದರಿಂದ ಮುಖ ಕಾಣುತ್ತಿರಲಿಲ್ಲ. ಬೆಳಕಿನ ಚುಕ್ಕೆಗಳು, ಬಾಗಿಲಿನ ಅಂಚು, ರಸ್ತೆಯ ಬಿಳಿ ಪಟ್ಟಿ, ಇಷ್ಟೇ. ಏನೂ ಕಾಣದವರಿಗೆ ಅದೇ ದೊಡ್ಡದು. ಬೆಲೆ ಸುಮಾರು 1,50,000 ಡಾಲರ್. 2013ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಜಗತ್ತಿನಲ್ಲಿ ಸುಮಾರು 350 ಜನ ಹಾಕಿಸಿಕೊಂಡರು.

2019ರಲ್ಲಿ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ಮರುವರ್ಷ ದುಡ್ಡಿಲ್ಲದೆ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಕಣ್ಣೊಳಗಿನ ಯಂತ್ರ ಮಾತ್ರ ಹಾಗೇ ಇತ್ತು. ಕ್ಯಾಮೆರಾಕ್ಕೆ ಜೋಡಿಸಿದ ಹೊರಗಿನ ಪೆಟ್ಟಿಗೆ ಕೆಟ್ಟರೆ ಬಿಡಿಭಾಗವಿಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ. ಒಬ್ಬ ಬಳಕೆದಾರರಿಗೆ ತಲೆಸುತ್ತು ಶುರುವಾಗಿ ವೈದ್ಯರು ಎಂಆರ್‌ಐ ಮಾಡಲು ನೋಡಿದರು. ಆ ಸ್ಕ್ಯಾನಿನಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ, ಕಣ್ಣಲ್ಲಿ ಲೋಹ ಇರುವಾಗ ಹೇಗೆ ಮಾಡಬೇಕೆಂದು ತಿಳಿಯಲು ಕಂಪನಿಯನ್ನು ಕೇಳಿದರೆ ನೆರವು ಸಿಗಲಿಲ್ಲ. ಹಳೆಯ ಮೊಬೈಲ್ ಆದರೆ ಎಸೆದು ಹೊಸದು ತರಬಹುದು, ಕಣ್ಣನ್ನು ಏನು ಮಾಡುವುದು?

ಇಲ್ಲಿ ಯಾರೂ ದುರಾಸೆಪಟ್ಟಿರಲಿಲ್ಲ. ಬರೀ ಚಿಕಿತ್ಸೆ. ಆದರೂ ಅನ್ಯಾಯ ಆಯಿತು.

ನೀವೇ ಎತ್ತಿದ ಜೈಪುರ ಕಾಲನ್ನು ಇದರ ಪಕ್ಕಕ್ಕಿಟ್ಟು ನೋಡಿ. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ಸೇರಿ ಅದನ್ನು ಮಾಡಿದರು. ಹಾಕಿಕೊಂಡು ಚಕ್ಕಳಮಕ್ಕಳ ಕೂರಬಹುದು, ಗದ್ದೆಗೆ ಬರಿಗಾಲಲ್ಲಿ ಇಳಿಯಬಹುದು. ಅದಕ್ಕೆ ಪಾಸ್‌ವರ್ಡ್ ಇಲ್ಲ. ರಬ್ಬರು, ಮರ, ಪ್ಲಾಸ್ಟಿಕ್ಕಿನ ಕೆಲಸ ಬಲ್ಲವರು ರಿಪೇರಿ ಮಾಡಿಕೊಡುತ್ತಾರೆ. ಅದು ಒಳ್ಳೆಯದಾಗಿರುವುದು ಕಳೆದುಹೋದ ಕಾಲನ್ನು ತುಂಬಿತು ಅನ್ನುವುದಕ್ಕೆ ಮಾತ್ರ ಅಲ್ಲ, ಹಾಕಿಕೊಂಡವರು ಇನ್ನೊಬ್ಬರ ಹಂಗಿಗೆ ಬೀಳಲಿಲ್ಲ ಅನ್ನುವುದಕ್ಕೂ ಹೌದು.

ನಮ್ಮ ಊರುಗಳಲ್ಲೂ ಈ ಪ್ರಶ್ನೆ ಈಗಾಗಲೇ ಇದೆ. ಕಿವಿ ಕೇಳದ ಮಕ್ಕಳಿಗೆ ಸರ್ಕಾರದ ನೆರವಿನಿಂದ ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಇಡುವ, ಕೇಳಿಸಲು ನೆರವಾಗುವ ಸಾಧನ) ಹಾಕುತ್ತಾರೆ. ಫೋಟೋ ಪತ್ರಿಕೆಗೆ ಬರುತ್ತದೆ (ನಾವೂ ಹಾಕುತ್ತೇವೆ). ಆದರೆ ಆಪರೇಷನ್ ಆದ ಮೇಲೆ ಮಗುವಿಗೆ ಕೇಳುವುದನ್ನು, ಮಾತನ್ನು ಕಲಿಸಲು ವರ್ಷಗಟ್ಟಲೆ ತರಬೇತಿ ಬೇಕು. ಕಿವಿಯ ಹೊರಗಿನ ಯಂತ್ರ ನೀರಿಗೆ ಬೀಳುತ್ತದೆ, ಕೇಬಲ್ ತುಂಡಾಗುತ್ತದೆ, ಕೆಲವು ವರ್ಷಗಳಲ್ಲಿ ಮಾಡೆಲ್ ಹಳೆಯದಾಗುತ್ತದೆ. ಕೂಲಿ ಮಾಡುವ ಅಪ್ಪ ಅಮ್ಮನಿಗೆ ಆಗ ಬರುವ ಖರ್ಚು ಜಾಸ್ತಿಯೇ. ಯಂತ್ರ ಸುಮ್ಮನಾದ ದಿನ ಮಗುವಿಗೆ ಸನ್ನೆ ಭಾಷೆಯೂ ಬರದಿದ್ದರೆ ಎರಡೂ ಕಡೆ ನಷ್ಟ. ಇಂಪ್ಲಾಂಟ್ ಹಾಕಿದ ಮಗುವಿಗೂ ಸನ್ನೆ ಭಾಷೆ ಕಲಿಸಿ ಎಂದು ಕಿವುಡ ಸಮುದಾಯದ ಹಲವರು ಹೇಳುತ್ತಾ ಬಂದಿರುವುದನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ.

ಹಾಗಾಗಿ ಕಾನೂನು ಬೇಕು ಅನ್ನುವಲ್ಲಿ ನಾನು ನಿಮ್ಮ ಜೊತೆಗಿದ್ದೇನೆ, ನಿಷೇಧ ಅನ್ನುವಲ್ಲಿ ಇಲ್ಲ. ದೇಹದೊಳಗೆ ಇಡುವ ಯಂತ್ರಕ್ಕೆ ಒಪ್ಪಿಗೆ ಕೊಡುವ ಮೊದಲೇ ಕಂಪನಿ ಒಂದಿಷ್ಟು ಹಣವನ್ನು ಬೇರೆ ಇಡಬೇಕು. ಮುಳುಗಿದರೆ ದುರಸ್ತಿಗೆ, ಬೇಡವಾದರೆ ತೆಗೆಸುವುದಕ್ಕೆ ಆ ಹಣ. ವಿನ್ಯಾಸ, ಸಾಫ್ಟ್‌ವೇರ್ ಎರಡರ ಪ್ರತಿಯೂ ಸರ್ಕಾರಿ ಸಂಸ್ಥೆಯಲ್ಲಿರಬೇಕು. ಇನ್ನು ಯಂತ್ರಗಳು ದಾಖಲಿಸಿಕೊಳ್ಳುವ ಮಿದುಳಿನ ಮಾಹಿತಿಯ ವಿಷಯದಲ್ಲಿ ಚಿಲಿ ದೇಶ ನಮಗಿಂತ ಮುಂದಿದೆ. 2021ರಲ್ಲಿ ಸಂವಿಧಾನವನ್ನೇ ತಿದ್ದಿ ಅದಕ್ಕೆ ರಕ್ಷಣೆ ಕೊಟ್ಟಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಸೆನೆಟರ್ ಒಬ್ಬರ ಮಿದುಳಿನ ಮಾಹಿತಿಯನ್ನು ಅಳಿಸಿಹಾಕಿ ಎಂದು ಒಂದು ಅಮೆರಿಕನ್ ಕಂಪನಿಗೆ ಹೇಳಿತು.

ಇನ್ನು ನಿಮ್ಮ ಅಣ್ಣನ ಮಗ. ಅವನಿಗೆ ಚಿಪ್ ಬೇಕು ಅನಿಸಿದರೆ ಅದು ಅವನ ಇಷ್ಟ. ಆದರೆ ಚಿಪ್ ಇದ್ದವರಿಗೇ ಪ್ರಮೋಷನ್ ಎಂದು ಅವನ ಆಫೀಸು ಹೇಳಿದರೆ, ಪಕ್ಕದ ಸೀಟಿನವಳಿಗೆ ಇಷ್ಟ ಎಂಬುದೇ ಉಳಿಯುವುದಿಲ್ಲ. ಅಲ್ಲಿ ನಿಷೇಧವೇ ಸರಿ. ಅಂದಹಾಗೆ, ಅವನು ನಾಳೆಯೇ ಹಾಕಿಸಿಕೊಳ್ಳುವ ಹಾಗಿಲ್ಲ. ಎಲಾನ್ ಮಸ್ಕ್ ಅವರ ಮಿದುಳು ಚಿಪ್ ಕಂಪನಿ ನ್ಯೂರಾಲಿಂಕ್ 2024ರ ಜನವರಿಯಲ್ಲಿ ಮೊದಲ ಬಾರಿ ಮನುಷ್ಯನಿಗೆ ಚಿಪ್ ಹಾಕಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದ ಯುವಕನಿಗೆ. ಅವನು ಯೋಚನೆಯಿಂದಲೇ ಕಂಪ್ಯೂಟರಿನಲ್ಲಿ ಚೆಸ್ ಆಡಿದ. ಕೆಲವೇ ವಾರಗಳಲ್ಲಿ ಮಿದುಳಿಗೆ ಪೋಣಿಸಿದ್ದ ಎಳೆಗಳಲ್ಲಿ ಎಷ್ಟೋ ಹಿಂದೆ ಸರಿದವು, ಸಾಫ್ಟ್‌ವೇರ್ ಬದಲಿಸಿ ಸರಿದೂಗಿಸಿದರು. ಸರಿದೂಗಿಸಲು ಕಂಪನಿ ಇತ್ತು. ಇದನ್ನು ನಿಮ್ಮ ಅಣ್ಣನ ಮಗನಿಗೆ ಓದಲು ಕೊಡಿ, ಏನನ್ನುತ್ತಾನೆಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.