ಇಟಲಿಯ ಹರ್ಕ್ಯುಲಿಸ್ ನೋಡುವ ಮುಂಚೆ ಒಳ್ಳೆಯ ಪ್ರತಿ ಹುಡುಕಿ

ಗ್ರೀಕ್ ಪುರಾಣದ ಬಲಶಾಲಿಯ ಕಥೆ ಹೇಳುವ 1958ರ ಇಟಾಲಿಯನ್ ಸಿನಿಮಾ ಹರ್ಕ್ಯುಲಿಸ್ ಅನ್ನು ಅರ್ಧಕ್ಕೇ ನಿಲ್ಲಿಸಿದೆ ಅಂತ ಬರೆದಿದ್ದೀರಿ. ಬಣ್ಣವೆಲ್ಲ ಕೆಂಪು, ಪಾತ್ರಗಳು ಪರದೆಯ ಅಂಚಿನಲ್ಲಿ ಕತ್ತರಿಸಿ ಹೋಗಿವೆ, ತುಟಿಗೂ ಮಾತಿಗೂ ಹೊಂದುವುದಿಲ್ಲ ಅಂದಿರಿ. ದಯವಿಟ್ಟು ಅಷ್ಟಕ್ಕೇ ಕೈಬಿಡಬೇಡಿ. ನಿಮಗೆ ಸಿಕ್ಕಿದ್ದು ಕೆಟ್ಟ ಪ್ರತಿ.

ಈ ಸಿನಿಮಾ ತೆಗೆದದ್ದು ಡಯಾಲಿಸ್ಕೋಪ್ ಎಂಬ ಅಗಲ ಪರದೆಯ ವಿಧಾನದಲ್ಲಿ. ಚಿತ್ರದ ಅಗಲ ಎತ್ತರದ ಎರಡು ಪಟ್ಟಿಗಿಂತ ಜಾಸ್ತಿ. ಹಳೆಯ ಟಿವಿಗೆ ಹೊಂದಿಸಲು ಪಕ್ಕಗಳನ್ನು ಕತ್ತರಿಸಿದಾಗ ಸುಮಾರು ಶೇಕಡಾ 40ರಷ್ಟು ಚಿತ್ರವೇ ಹೋಗುತ್ತದೆ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳು ಹಳತಾದಂತೆ ಕೆಂಪಾಗುವುದೂ ಮಾಮೂಲಿ. ಹಾಗಾಗಿ ಮೊದಲು ಮೇಲೆ ಕೆಳಗೆ ಕಪ್ಪು ಪಟ್ಟಿ ಇದೆಯಾ ನೋಡಿ. ಆಮೇಲೆ ಕಥೆಯ ಇನ್ನೊಬ್ಬ ವೀರ ಜೇಸನ್ ಚಿನ್ನದ ಉಣ್ಣೆ ತರಲು ಹಡಗು ಹತ್ತುವ ಭಾಗಕ್ಕೆ ಹೋಗಿ. ಸಮುದ್ರ ನೀಲಿಯಾಗಿದ್ದರೆ ಧೈರ್ಯವಾಗಿ ಮೊದಲಿನಿಂದ ನೋಡಿ. ಕ್ಯಾಮೆರಾ ಹಿಡಿದವರು ಮಾರಿಯೊ ಬಾವಾ. ಬೆಳಕು, ಬಣ್ಣಗಳಲ್ಲಿ ಅವರು ಮಾಡಿದ ಕೆಲಸವೇ ಈ ಚಿತ್ರದ ಜೀವ. ಅದು ಮಾಸಿಹೋದರೆ ಉಳಿಯುವುದು ಬರೀ ತೋಳುಗಳು!

ತುಟಿಯ ವಿಷಯ ಮಾತ್ರ ಸರಿಹೋಗುವುದಿಲ್ಲ. ಆಗ ಇಟಲಿಯಲ್ಲಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು. ನಾಯಕ ಸ್ಟೀವ್ ರೀವ್ಸ್ ಅಮೆರಿಕದವರು, 1950ರಲ್ಲಿ ಮಿಸ್ಟರ್ ಯೂನಿವರ್ಸ್ ದೇಹದಾರ್ಢ್ಯ ಪಟ್ಟ ಗೆದ್ದವರು. ಇಂಗ್ಲಿಷ್ ಪ್ರತಿಯಲ್ಲೂ ಕೇಳುವುದು ಬೇರೆಯವರ ದನಿ. ಇಟಾಲಿಯನ್ ಧ್ವನಿ, ಕೆಳಗೆ ಸಬ್‌ಟೈಟಲ್ ಹಾಕಿಕೊಂಡರೆ ಹೆಚ್ಚು ಒಗ್ಗುತ್ತದೆ ಅಂತ ನನ್ನ ಅನಿಸಿಕೆ.

ಹರ್ಕ್ಯುಲಿಸ್ ಚಿತ್ರಗಳನ್ನು ನೋಡುವ ಕ್ರಮವನ್ನೂ ಕೇಳಿದ್ದಿರಿ ಅಲ್ವಾ? ಮೊದಲು ಇದು, ನಂತರ 1959ರ ಮುಂದಿನ ಭಾಗ. ಎರಡಕ್ಕೂ ನಿರ್ದೇಶಕ ಪಿಯೆತ್ರೊ ಫ್ರಾಂಚಿಶಿ, ನಾಯಕ ರೀವ್ಸ್. ಆಮೇಲೆ ಬಾವಾ ಅವರೇ ನಿರ್ದೇಶಿಸಿದ 1961ರ ಚಿತ್ರಕ್ಕೆ ಬನ್ನಿ. ಅದರಲ್ಲಿ ರೆಗ್ ಪಾರ್ಕ್ ಹರ್ಕ್ಯುಲಿಸ್, ಕ್ರಿಸ್ಟೋಫರ್ ಲೀ ಖಳ. ಪಾತಾಳಕ್ಕೆ ಇಳಿಯುವ ದೃಶ್ಯಗಳನ್ನು ಕತ್ತಲ ಕೋಣೆಯಲ್ಲೇ ನೋಡಬೇಕು. ಮೂರರಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ಹುಡುಕುವಾಗ ಒಂದು ಎಚ್ಚರ. ಹರ್ಕ್ಯುಲಿಸ್ ಅಂತ ಹೆಸರಿದ್ದದ್ದೆಲ್ಲ ಹರ್ಕ್ಯುಲಿಸ್ ಅಲ್ಲ. ಮಚಿಸ್ತೆ ಎಂಬುದು ಇಟಲಿಯದೇ ಬಲಶಾಲಿ ನಾಯಕ. 1914ರ ಮೂಕಿ ಚಿತ್ರ ಕಬಿರಿಯಾದಲ್ಲಿ ಮೊದಲು ಬಂದ. ಆ ಪಾತ್ರ ಮಾಡಿದ ಬಾರ್ತೊಲೊಮಿಯೊ ಪಗಾನೊ ಜಿನೋವಾ ಬಂದರಿನ ಕೂಲಿಕಾರ. 60ರ ದಶಕದ ಮಚಿಸ್ತೆ ಚಿತ್ರಗಳು ಅಮೆರಿಕಕ್ಕೆ ಹೋದಾಗ ಹಲವುಗಳಲ್ಲಿ ಅವನ ಹೆಸರನ್ನೇ ಹರ್ಕ್ಯುಲಿಸ್, ಸ್ಯಾಮ್ಸನ್ ಎಂದು ಬದಲಿಸಿದರು. ಆದ್ದರಿಂದ ಇಟಾಲಿಯನ್ ಹೆಸರಿನಿಂದಲೇ ಹುಡುಕಿ. ನೀವು ಬಿಟ್ಟ ಚಿತ್ರದ ಮೂಲ ಹೆಸರು 'ಲೆ ಫತೀಕೆ ದಿ ಎರ್ಕೊಲೆ'.