ಚೀನಾದ ಝಾವೊ ಝೆಂಗ್‌ಯೊಂಗ್ ಅಷ್ಟು ಮೇಲಕ್ಕೇರಿ ಬಿದ್ದದ್ದು ಹೇಗೆ?

ಅನ್ಹುಯಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. 2001ರಲ್ಲಿ ಶಾನ್ಶಿ ಪ್ರಾಂತ್ಯಕ್ಕೆ ಬಂದ, ಗವರ್ನರ್ ಆದ, 2012ರ ಕೊನೆಗೆ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. ಚೀನಾದಲ್ಲಿ ಗವರ್ನರ್‌ಗಿಂತ ಕಾರ್ಯದರ್ಶಿಯದೇ ಮೇಲುಗೈ.

ಬುಡ ಅಲುಗಿದ್ದು ಬಂಗಲೆಗಳಿಂದ. ಶಾನ್ಶಿಯ ರಾಜಧಾನಿ ಷಿಆನ್ ನಗರದ ಪಕ್ಕದ ಚಿನ್‌ಲಿಂಗ್ ಬೆಟ್ಟದ ತಪ್ಪಲಲ್ಲಿ ದುಡ್ಡಿದ್ದವರು ಅಕ್ರಮವಾಗಿ ಬಂಗಲೆ ಕಟ್ಟಿಕೊಂಡಿದ್ದರು. 2014ರಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಖುದ್ದಾಗಿ 'ಇದನ್ನು ನೋಡಿ' ಎಂದರು. ಝಾವೊ ಆ ಸೂಚನೆಯ ಕಾಗದದ ಮೇಲೊಂದು ಷರಾ ಬರೆದು ಕೆಳಗಿನವರಿಗೆ ದಾಟಿಸಿ ಸುಮ್ನಾದ. ಕೆಳಗಿನವರು ಲೆಕ್ಕ ಹಾಕಿ ಕಳಿಸಿದ್ದು ಬರೀ 202 ಬಂಗಲೆ. 2018ರಲ್ಲಿ ಕೇಂದ್ರದ ತಂಡವೇ ಬಂದು ನಿಂತಾಗ ಕೆಡವಿದ್ದು ಸಾವಿರಕ್ಕೂ ಜಾಸ್ತಿ!

2019ರ ಜನವರಿಯಲ್ಲಿ ತನಿಖೆ ಶುರು. ತಮಾಷೆ ಅಂದ್ರೆ, ಶಿಕ್ಷೆಯಾದದ್ದು ಬಂಗಲೆಗಲ್ಲ, ಲಂಚಕ್ಕೆ: ಗುತ್ತಿಗೆ, ಬಡ್ತಿ ಕೊಡಿಸಿದ್ದಕ್ಕೆ ಸುಮಾರು 71.7 ಕೋಟಿ ಯುವಾನ್. ಅದರಲ್ಲಿ 29 ಕೋಟಿಯಷ್ಟು ಇನ್ನೂ ಕೈಗೇ ಬಂದಿರಲಿಲ್ಲ, ಮಾತಾಗಿತ್ತಷ್ಟೇ.

2020ರ ಜುಲೈನಲ್ಲಿ ತಿಯಾನ್‌ಜಿನ್ ಕೋರ್ಟು ಮರಣದಂಡನೆ ವಿಧಿಸಿ, ಎರಡು ವರ್ಷ ತಡೆಹಿಡಿಯಿತು. ಅಂದರೆ ಗಲ್ಲಿಲ್ಲ, ಆದರೆ ಅವಧಿ ಕಡಿತವಾಗಲೀ ಪೆರೋಲ್ ಆಗಲೀ ಇಲ್ಲದ ಜೀವಾವಧಿ.